ಗುಂಡು ತುಂಬುವುದು ಬೆರಳೋ, ಡ್ರಮ್ಮೋ, ಸ್ಲೈಡೋ?

ಪಿಸ್ತೂಲು ಶೂಟಿಂಗ್ ಶುರುಮಾಡಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ಕಂಪನಿ ಆಮೇಲೆ ನೋಡಿದರಾಯಿತು ಮಾರಾಯ್ರೆ. ಗುಂಡನ್ನು ನಳಿಗೆಯ ಬಾಯಿಗೆ ಒಯ್ದು ಇಡುವವರು ಯಾರು ಅಂತ ಮೊದಲು ನೋಡಿ. ನಿಮ್ಮ ಬೆರಳೋ, ತಿರುಗುವ ಡ್ರಮ್ಮೋ, ಹಿಂದೆ ಮುಂದೆ ಓಡುವ ಸ್ಲೈಡೋ? ಮೂರನ್ನೂ ಸೆಕೆಯಲ್ಲೂ ಮಳೆಯಲ್ಲೂ ಹಿಡಿದು ನೋಡಿದ್ದೇನೆ. ನನ್ನ ಓಟು ಬೆರಳಿಗೆ. ಒಂದು ಸಲ ಗಾಳಿ ಪಂಪ್, ಒಂದು ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಸೀಸದ ಗುಂಡು), ಒಂದು ಹೊಡೆತ. ಉಳಿದೆರಡರ ಮೇಲೆ ನನಗೆ ದ್ವೇಷವಿಲ್ಲ, ಆದರೆ ಈ ಬರಹ ನಿಷ್ಪಕ್ಷಪಾತ ಅಂತ ತಿಳಿದು ಓದಬೇಡಿ.

ನಾನಿರುವುದು ಸುರತ್ಕಲ್ ಕಡೆ. ಕೆಲಸದ ದಿನಗಳಲ್ಲಿ ಸಂಜೆ ಮನೆಯ ಉದ್ದ ಜಗಲಿ, ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಶೂಟಿಂಗ್ ರೇಂಜ್. ಪದಕದ ವಯಸ್ಸು ದಾಟಿದೆ. ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಮರ್ಯಾದೆ ಉಳಿದರೆ ಸಾಕು ಎನ್ನುವ ಪೈಕಿ ನಾನು. ಹಾಗಾಗಿ ಇಲ್ಲಿರುವ ಲೆಕ್ಕವೆಲ್ಲ ನನ್ನ ಜೇಬಿಗೆ, ನನ್ನ ಜಗಲಿಗೆ, ನನ್ನ ಭುಜಕ್ಕೆ ಹೊಂದಿದ್ದು.

ಹೋಲಿಸುತ್ತಿರುವ ಮೂರು ಇವು. ಮೊದಲನೆಯದು ಸಿಒ2 ಗ್ಯಾಸಿನ, ಎಂಟು ಪೆಲೆಟ್ ಹಿಡಿಯುವ ಡ್ರಮ್ಮಿನ ಏರ್ ಪಿಸ್ತೂಲು. ಹೊಸತೇ ಕೊಂಡದ್ದು. ಎರಡನೆಯದು ಒಂದೇ ಪಂಪಿನ, ಒಂದೇ ಪೆಲೆಟ್ಟಿನ ಏರ್ ಪಿಸ್ತೂಲು. ಅದನ್ನು ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡೆ. ಮೂರನೆಯದು ಕ್ಲಬ್ಬಿನ .22 (ನಳಿಗೆ 0.22 ಇಂಚಿನದು) ಸೆಮಿ ಆಟೊಮ್ಯಾಟಿಕ್, ಅಂದರೆ ಮದ್ದಿನ ಗುಂಡು ಹಾರಿಸುವ, ಪ್ರತಿ ಹೊಡೆತದ ಮೇಲೆ ಸ್ಲೈಡೇ ಮುಂದಿನ ಗುಂಡು ತುಂಬುವ ಪಿಸ್ತೂಲು. ರೇಂಜಿನಲ್ಲಿ, ಕೋಚ್ ಎದುರಿಗಿದ್ದಾಗ ಮಾತ್ರ ಅದು ಕೈಗೆ ಸಿಗುವುದು. ಒಲಿಂಪಿಕ್ಸಿನಲ್ಲಿ ಕಾಣುವ, ಸಿಲಿಂಡರಿನಲ್ಲಿ 200 ಬಾರ್ ಗಾಳಿ ತುಂಬಿಸುವ ಮ್ಯಾಚ್ ಪಿಸ್ತೂಲು ಈ ಪಂದ್ಯದಲ್ಲಿಲ್ಲ. ಆಮದಾದದ್ದು ಒಂದೂವರೆ ಲಕ್ಷಕ್ಕೂ ಮೇಲೆ. ಅಷ್ಟು ದುಡ್ಡು ಇದ್ದಿದ್ದರೆ ಮೊದಲು ಮನೆಯ ಮಾಡು ಸೋರುವುದನ್ನು ನಿಲ್ಲಿಸುತ್ತಿದ್ದೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 4.5 ಮಿ.ಮೀ. ನಳಿಗೆಯ ಸಾಮಾನ್ಯ ಏರ್ ಪಿಸ್ತೂಲಿಗೆ ಶಸ್ತ್ರ ಪರವಾನಗಿ ಬೇಡ. ಖರೀದಿಯ ಬಿಲ್ ಜೋಪಾನವಾಗಿಡಿ, ಬಸ್ಸಿನಲ್ಲಿ ಒಯ್ಯುವಾಗ ಪೆಟ್ಟಿಗೆಯೊಳಗೇ ಇರಲಿ. .22 ಅಂದರೆ ಅದು ಬಂದೂಕಿನ ಲೆಕ್ಕ, ಪರವಾನಗಿ ಬೇಕೇ ಬೇಕು. ತೋಟಕ್ಕೆಂದು ಕೋವಿ ಇಟ್ಟುಕೊಂಡವರಿಗೆ ಆ ಕಥೆ ಗೊತ್ತು. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಒಪ್ಪಿಸಬೇಕು, ಮುಗಿದ ಮೇಲೆ ಹೋಗಿ ತರಬೇಕು. ನನ್ನ ಕೈಯಲ್ಲಿ ಏರ್ ಪಿಸ್ತೂಲು ಕಂಡಾಗ ಪಕ್ಕದ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಮಂಗ ಓಡಿಸ್ಲಿಕ್ಕೆ ಆಗ್ತದಾ?" ಆಗುವುದಿಲ್ಲ, ಮಾಡಲೂಬಾರದು. ಮಂಗನಿಗೆ ಹೊಡೆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸು ತಲೆಗೆ ಸುತ್ತಿಕೊಳ್ಳುತ್ತದೆ.

ಇನ್ನು ಗ್ಯಾಸ್ ಪಿಸ್ತೂಲು. ನೋಡಲಿಕ್ಕೆ ಚಂದ, ಸುಳ್ಳು ಹೇಳುವುದಿಲ್ಲ. ತೂಕ, ಹಿಡಿ, ಕಪ್ಪು ಬಣ್ಣ ಎಲ್ಲ ಪೊಲೀಸ್ ಅಧಿಕಾರಿಯ ಸೊಂಟದಲ್ಲಿರುವಂಥದ್ದೇ. 12 ಗ್ರಾಂ ಗ್ಯಾಸ್ ಕ್ಯಾಪ್ಸೂಲ್ ಹಿಡಿಯೊಳಗೆ ಕೂರುತ್ತದೆ. ನಾಣ್ಯದಷ್ಟಗಲದ ಲೋಹದ ಡ್ರಮ್ಮಿನಲ್ಲಿ ಎಂಟು ತೂತು. ತೂತಿಗೊಂದು ಪೆಲೆಟ್ ತುಂಬಿ ಒಳಗೆ ಕೂರಿಸಿದರೆ ಟ್ರಿಗರ್ ಎಳೆದಂತೆಲ್ಲ ಡ್ರಮ್ ಒಂದೊಂದು ಮನೆ ತಿರುಗಿ ಪೆಲೆಟ್ಟನ್ನು ನಳಿಗೆಯ ಎದುರು ತಂದು ನಿಲ್ಲಿಸಬೇಕು.

ನಿಲ್ಲಿಸಬೇಕು. ನಡೆಯುತ್ತಿದ್ದದ್ದು ಬೇರೆ. ಮೊದಲ ಮೂರು ನಾಲ್ಕು ಸಲೀಸಾಗಿ ಹೋಗುತ್ತವೆ. ಆಮೇಲೆ ಟ್ರಿಗರ್ ಅರ್ಧದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಬಲ ಹಾಕಿ ಎಳೆದರೆ ಕೆಲಸ ಕೆಟ್ಟಿತು. ಡ್ರಮ್ ಮುಕ್ಕಾಲು ಮಾತ್ರ ತಿರುಗಿರುತ್ತದೆ, ಪೆಲೆಟ್ಟಿನ ಮೂತಿ ನಳಿಗೆಯ ಅಂಚಿಗೆ ಓರೆಯಾಗಿ ತಾಗಿರುತ್ತದೆ, ಗ್ಯಾಸ್ ಬಿಟ್ಟಾಗ ಅದರ ಒಂದು ಬದಿ ಸವರಿಹೋಗುತ್ತದೆ. ಬಿಚ್ಚಿ ನೋಡಿದರೆ ನಳಿಗೆಯ ಬಾಯಿಯಲ್ಲಿ ಕತ್ತರಿಸಿದ ಉಗುರಿನ ಚೂರಿನಂಥ ಸೀಸದ ತುಣುಕು. ಅದು ಅಲ್ಲೇ ಕೂತರೆ ಮುಂದಿನ ಪೆಲೆಟ್ಟಿಗೂ ಅದೇ ಗತಿ. ಕಾಗದದ ಮೇಲೆ ಏಳಕ್ಕೆ ಬಿದ್ದದ್ದು ನನ್ನ ಕೈಯ ತಪ್ಪೋ ಸವರಿದ ಪೆಲೆಟ್ಟಿನ ತಪ್ಪೋ ಎಂದು ಗೊತ್ತಾಗುವುದೇ ಇಲ್ಲ. ಅಭ್ಯಾಸ ಮಾಡುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಕಾರಣ ಹುಡುಕುತ್ತಾ ಹೋದೆ. ಪೆಲೆಟ್ಟಿನ ಹಿಂಭಾಗ ಟೊಳ್ಳು, ಅದರ ಅಂಚು ಲಂಗದ ಹಾಗೆ ಅಗಲವಾಗಿರುತ್ತದೆ. ನಮ್ಮವರು ಅದಕ್ಕೆ ಸ್ಕರ್ಟ್ ಎಂದೇ ಹೇಳುವುದು. ಅದು ಡ್ರಮ್ಮಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಹೊರಗೆ ಉಳಿದರೂ ಹಿಂದಿನ ಚೌಕಟ್ಟಿಗೆ ಉಜ್ಜಿ ಡ್ರಮ್ಮನ್ನು ತಡೆಯುತ್ತದೆ. ಬೆರಳಲ್ಲಿ ಒತ್ತಿದರೆ ಸಾಲದು. ಬಣ್ಣ ಹಚ್ಚುವ ತೆಳು ಬ್ರಷ್ಷಿನ ಹಿಡಿಯನ್ನು ಉಲ್ಟಾ ಹಿಡಿದು ಒಂದೊಂದನ್ನೂ ಒಳಗೆ ದೂಡಬೇಕು. ಆಗ ಇನ್ನೊಂದು ಬದಿಯ ತಕರಾರು ಶುರು: ಚೂಪು ಮೂತಿಯ ಉದ್ದ ಪೆಲೆಟ್ ಆದರೆ ಮುಂದುಗಡೆ ಮೂತಿ ಹೊರಗೆ ಬರುತ್ತದೆ. ಆದ್ದರಿಂದ ಡ್ರಮ್ಮಿಗೆ ಚಪ್ಪಟೆ ಮೂತಿಯ ಗಿಡ್ಡ ಪೆಲೆಟ್ಟೇ ಸರಿ. ಮ್ಯಾಚಿಗೆ ಬಳಸುವುದೂ ಅದನ್ನೇ. ಕಾಗದದಲ್ಲಿ ಗುಂಡಗಿನ, ಅಂಚು ಹರಿಯದ ತೂತು ಬೀಳುತ್ತದೆ, ಅಂಕ ಎಣಿಸಲು ಸುಲಭ. ಪಿಸ್ತೂಲಿಗೆ ಸುಮಾರು 0.45 ಗ್ರಾಂ ತೂಕದ್ದು ತೆಗೆದುಕೊಳ್ಳಿ. 0.53 ಗ್ರಾಮಿನದ್ದು ರೈಫಲ್‌ನವರ ಮಾಲು.

ಪೆಲೆಟ್ ಬದಲಿಸಿದ ಮೇಲೆ ಜಾಮ್ ಕಡಿಮೆಯಾಯಿತು, ನಿಲ್ಲಲಿಲ್ಲ. ಆಗ ಡ್ರಮ್ಮಿನ ತೂತುಗಳ ಪಕ್ಕ ಮಗಳ ನೈಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟು ಗುರುತು ಮಾಡಿದೆ. ಯಾವ ಪಿಸ್ತೂಲಿಗಾದರೂ ಈ ಉಪಾಯ ಮಾಡಿ, ಊಹೆ ಮಾಡುತ್ತಾ ಕೂರಬೇಡಿ. ಪ್ರತಿಸಲವೂ ಒಂದೇ ತೂತಿನಲ್ಲಿ ಸಿಕ್ಕಿಕೊಂಡರೆ ದೋಷ ಡ್ರಮ್ಮಿನದು. ಎಲ್ಲೆಲ್ಲೂ ಸಿಕ್ಕಿಕೊಂಡರೆ ಪೆಲೆಟ್ಟಿನದು, ಇಲ್ಲವೇ ಡ್ರಮ್ಮನ್ನು ತಿರುಗಿಸುವ ಒಳಗಿನ ಕೊಕ್ಕೆಯದು. ಎರಡು ಡ್ರಮ್ ಕೊಟ್ಟಿದ್ದರು. ಅದಲುಬದಲು ಮಾಡಿದರೂ ರಗಳೆ ಅದೇ. ಅಂದರೆ ಕೊಕ್ಕೆ. ಅಂಗಡಿಗೆ ಫೋನ್ ಮಾಡಿದರೆ, "ಪೆಲೆಟ್ ಚೇಂಜ್ ಮಾಡಿ ನೋಡಿ ಸರ್." ಚೇಂಜ್ ಮಾಡಿ ಆಯಿತು ಎಂದರೆ, "ಗ್ಯಾಸ್ ಹಾಕಿದ ಮೇಲೆ ರಿಟರ್ನ್ ಇಲ್ಲ ಸರ್." ಗ್ಯಾಸ್ ಹಾಕದೆ ಜಾಮ್ ಆಗುತ್ತದೋ ಇಲ್ಲವೋ ನೋಡುವುದು ಹೇಗೆ ಎನ್ನುವುದಕ್ಕೆ ಉತ್ತರ ಬರಲಿಲ್ಲ.

ಕೊನೆಗೆ ಒಂದು ದಾರಿ ಸಿಕ್ಕಿತು: ಟ್ರಿಗರ್ ಎಳೆದು ಡ್ರಮ್ ತಿರುಗಿಸುವ ಬದಲು ಹೆಬ್ಬೆರಳಲ್ಲಿ ಹ್ಯಾಮರ್ (ಪಿಸ್ತೂಲಿನ ಹಿಂಬದಿಯಲ್ಲಿ ಸುತ್ತಿಗೆಯಂತೆ ಬಡಿಯುವ ತುಂಡು) ಎಳೆಯುವುದು. ಹ್ಯಾಮರ್ ಹಿಂದಕ್ಕೆ ಬರುವಾಗಲೇ ಡ್ರಮ್ ತಿರುಗುತ್ತದೆ, ಎಲ್ಲಾದರೂ ಉಜ್ಜುತ್ತಿದ್ದರೆ ಹೆಬ್ಬೆರಳಿಗೆ ಮೊದಲೇ ತಿಳಿಯುತ್ತದೆ, ಟ್ರಿಗರ್ರೂ ಹಗುರ. ಆದರೆ ಪ್ರತಿ ಹೊಡೆತಕ್ಕೂ ಹೆಬ್ಬೆರಳು ಆಡಿಸಲಿಕ್ಕಿದ್ದರೆ ಎಂಟು ಗುಂಡಿನ ಡ್ರಮ್ ಯಾಕೆ ಬೇಕು? ಅದೂ ಅಲ್ಲದೆ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಒಂದು ಸಲಕ್ಕೆ ಒಂದೇ ಪೆಲೆಟ್ ತುಂಬಬೇಕೆಂಬ ನಿಯಮವೇ ಇದೆ. ಡ್ರಮ್ಮಿಗೆ ಅಲ್ಲಿ ಜಾಗವಿಲ್ಲ.

ಜಾಮಿಗಿಂತ ಹೆದರಬೇಕಾದ್ದು ನಳಿಗೆಯೊಳಗೆ ಉಳಿದುಹೋಗುವ ಪೆಲೆಟ್ಟಿಗೆ. ಗ್ಯಾಸ್ ಮುಗಿಯುತ್ತಾ ಬಂದಾಗ "ಟಪ್" ಎನ್ನುವ ಬದಲು "ಪುಸ್" ಎನ್ನುತ್ತದೆ, ಕಾಗದದಲ್ಲಿ ತೂತು ಕಾಣುವುದಿಲ್ಲ. ಗುರಿ ತಪ್ಪಿತು ಎಂದುಕೊಂಡು ಇನ್ನೊಂದು ಹೊಡೆದರೆ ಅದೂ ಹಿಂದಿನದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಪುಸ್ ಕೇಳಿದ ಕೂಡಲೇ ನಿಲ್ಲಿಸಿ. ಮೂತಿ ಗುರಿಯ ಕಡೆಗೇ ಇರಲಿ. ಡ್ರಮ್ ತೆಗೆಯಿರಿ, ಗ್ಯಾಸ್ ಪೂರ್ತಿ ಖಾಲಿ ಮಾಡಿ. ಆಮೇಲೆ ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು ನಳಿಗೆಯೊಳಗೆ ಮೆಲ್ಲ ಇಳಿಸಿ ನೋಡಿ. ತೆಂಗಿನ ಗರಿಯ ಕಡ್ಡಿ 4.5 ಮಿ.ಮೀ. ನಳಿಗೆಗೆ ಆರಾಮವಾಗಿ ಹೋಗುತ್ತದೆ, ಒಳಗಿನ ಗೀರುಗಳಿಗೆ ಏನೂ ಆಗುವುದಿಲ್ಲ. ನಳಿಗೆಯ ಉದ್ದಕ್ಕೆ ಕಡ್ಡಿಯಲ್ಲಿ ಉಗುರಿನ ಗುರುತು ಮಾಡಿಟ್ಟರೆ ಎಲ್ಲಿ ತಡೆಯಿತೆಂದು ಗೊತ್ತಾಗುತ್ತದೆ. ನೋಡಲು ಮಾತ್ರ ಕಡ್ಡಿ. ದೂಡಲು ಹೋದರೆ ಮುರಿದು ಅದೂ ಒಳಗೇ ಉಳಿದೀತು. ದೂಡುವುದಕ್ಕೆ ಹಿತ್ತಾಳೆಯ ಸರಳು ಬೇಕು.

ಗ್ಯಾಸಿಗೆ ನಮ್ಮೂರಿನ ಸೆಕೆಯೂ ಆಗಿಬರುವುದಿಲ್ಲ. ಕ್ಯಾಪ್ಸೂಲಿನೊಳಗೆ ಸಿಒ2 ಇರುವುದು ದ್ರವವಾಗಿ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72ರ ಆಸುಪಾಸು. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಏಪ್ರಿಲ್ ಮಧ್ಯಾಹ್ನ ಮಂಗಳೂರಿನಲ್ಲಿ 31 ಅಂದರೆ ತಂಪು! ಇತ್ತ ಬೇಗ ಬೇಗ ಹೊಡೆದರೆ ಗ್ಯಾಸ್ ಹಿಗ್ಗುವಾಗ ತಣ್ಣಗಾಗಿ ಒತ್ತಡ ಬೀಳುತ್ತದೆ, ಹಿಡಿ ಕೈಗೆ ತಂಪು ಹೊಡೆಯುತ್ತದೆ. ಮೊದಲ ಗುಂಡು ಮೇಲೆ, ಎಂಟನೆಯದು ಕೆಳಗೆ. ಕ್ಯಾಪ್ಸೂಲನ್ನು ರಾತ್ರಿಯಿಡೀ ಒಳಗೆ ಬಿಟ್ಟರೆ ಸೀಲ್ ಹಾಳು, ಅರ್ಧಕ್ಕೇ ಬಿಚ್ಚಿದರೆ ಉಳಿದ ಗ್ಯಾಸ್ ಗಾಳಿಗೆ. ಸಂಜೆ ಕಾಲುಗಂಟೆ ಮಾತ್ರ ಸಿಗುವವನಿಗೆ ಇದು ಸೀದಾ ನಷ್ಟದ ಬಾಬ್ತು.

ಈಗ ನನ್ನ ಪಂಪಿನ ಪಿಸ್ತೂಲು. ಇದರ ಬಗ್ಗೆ ಹೇಳಲು ಕಡಿಮೆ ಇದೆ, ಅದೇ ಅದರ ಗುಣ. ಜರ್ಮನಿಯ ವೈರಾಖ್, ರಷ್ಯಾದ ಬೈಕಾಲ್ ಈ ಜಾತಿಯಲ್ಲಿ ಹೆಸರು ಮಾಡಿದವು. ಮೇಲ್ಭಾಗವನ್ನೋ ಬದಿಯ ಲಿವರನ್ನೋ ಎತ್ತಿ ಒಂದೇ ಸಲ ಒತ್ತಿದರೆ ಒಳಗೆ ಗಾಳಿ ಅದುಮಿ ಕೂರುತ್ತದೆ. ಗಾಳಿ ಕೂರುವ ಕೊಠಡಿಯ ಅಳತೆ ಒಂದೇ, ಒತ್ತುವ ದೂರ ಒಂದೇ, ಹಾಗಾಗಿ ಗಾಳಿಯೂ ಪ್ರತಿಸಲ ಹೆಚ್ಚುಕಮ್ಮಿ ಅಷ್ಟೇ. ಎರಡು ಸಲ ಪಂಪ್ ಮಾಡಿ ಜೋರು ಮಾಡುತ್ತೇನೆಂದರೆ ಆಗುವುದಿಲ್ಲ. ಪೆಲೆಟ್ ಸೆಕೆಂಡಿಗೆ ಸುಮಾರು 120 ಮೀಟರ್ ವೇಗದಲ್ಲಿ ಹೋಗುತ್ತದೆ. ನಿಧಾನವೇ. ಆದರೆ ಕಾಗದಕ್ಕೆ ಅಷ್ಟು ಸಾಕು, ಹಿಂದೊದೆತವಂತೂ ಇಲ್ಲ.

ಪೆಲೆಟ್ ಇಡುವಾಗ ನಳಿಗೆಯ ಬಾಯಿ ಕಣ್ಣೆದುರಿಗೇ ತೆರೆದಿರುತ್ತದೆ. ಹೆಬ್ಬೆರಳ ತುದಿಯಲ್ಲಿ ಪೆಲೆಟ್ಟಿನ ಸ್ಕರ್ಟನ್ನು ಸವರಿದರೆ ಜಜ್ಜಿದೆಯೋ ಇಲ್ಲವೋ ಅಲ್ಲೇ ಗೊತ್ತು. ಘಾಟಿ ಇಳಿದು ಬರುವ ಪಾರ್ಸೆಲ್ಲಿನಲ್ಲಿ ಡಬ್ಬಿ ಕುಲುಕಿ ಹಲವು ಪೆಲೆಟ್ಟುಗಳ ಅಂಚು ಮಡಚಿಯೇ ಇರುತ್ತದೆ, ಅವನ್ನು ಬದಿಗೆ ಹಾಕುತ್ತೇನೆ. ಒತ್ತಿದಾಗ ಸ್ಕರ್ಟ್ ನಳಿಗೆಗೆ ಸಮನಾಗಿ ಕೂತದ್ದು ಬೆರಳಿಗೇ ತಿಳಿಯುತ್ತದೆ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ತೋಳು ಕೆಳಗಿಳಿಯುತ್ತದೆ, ಉಸಿರು ಹದಕ್ಕೆ ಬರುತ್ತದೆ. 60 ಹೊಡೆತಕ್ಕೆ 75 ನಿಮಿಷ ಕೊಡುವ ಆಟ ಇದು, ಅವಸರ ಯಾರಿಗೆ? 10 ಮೀಟರಿನಲ್ಲಿ ಹತ್ತರ ವೃತ್ತದ ಅಡ್ಡಗಲ 11.5 ಮಿ.ಮೀ. 25 ಮೀಟರ್ .22 ಪಿಸ್ತೂಲಿನ ನಿಧಾನ ಸುತ್ತಾದ ಪ್ರಿಸಿಷನ್‌ನಲ್ಲಿ ಅದು 50 ಮಿ.ಮೀ. ದೂರಕ್ಕೆ ತಾಳೆ ಹಾಕಿದರೆ 25ರ ಗುರಿಯೇ ಸಡಿಲ. ಏರ್ ಪಿಸ್ತೂಲೆಂದರೆ ಮಕ್ಕಳಾಟ ಎನ್ನುವವರಿಗೆ ನಾನು ಈ ಲೆಕ್ಕ ಹೇಳುವುದುಂಟು.

ಕೊರತೆ ಇಲ್ಲವೆಂದಲ್ಲ. ಪಂಪ್ ಮಾಡಿ ಮಾಡಿ ಎಡಗೈಯ ಅಂಗೈ ಕೆಂಪಾಗುತ್ತದೆ. ಮುಚ್ಚುವಾಗ ಬೆರಳು ಸಿಕ್ಕಿಬಿದ್ದರೆ ದೇವರೇ ಗತಿ. ನನ್ನದರ ಟ್ರಿಗರ್ ಎಳೆತ ಮ್ಯಾಚ್ ಪಿಸ್ತೂಲಿನ 500 ಗ್ರಾಮಿನಷ್ಟು ಹಗುರವಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಒಂದೊಂದೇ ತುಂಬುವ ಪಿಸ್ತೂಲು ಕೈಕೊಡುವುದೇ ಇಲ್ಲ ಎಂದೂ ಅಲ್ಲ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ಮಧ್ಯೆ ಮನು ಭಾಕರ್ ಅವರ ಏರ್ ಪಿಸ್ತೂಲು ಕೆಟ್ಟು, ರಿಪೇರಿಗೆ ಹೊತ್ತು ಹೋಗಿ, ಎರಡೇ ಅಂಕದಲ್ಲಿ ಫೈನಲ್ ತಪ್ಪಿತ್ತು. 2024ರಲ್ಲಿ ಪ್ಯಾರಿಸಿನಲ್ಲಿ ಅದೇ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚು ತಂದರು, ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು. ಯಂತ್ರ ಅಂದ ಮೇಲೆ ಕೆಡುತ್ತದೆ. ಕೆಡಲು ಇರುವ ಭಾಗಗಳು ಎಷ್ಟು ಎನ್ನುವುದಷ್ಟೇ ವ್ಯತ್ಯಾಸ.

ಮೂರನೆಯದು ಕ್ಲಬ್ಬಿನ .22. ಇದರ ಸಂಗತಿ ಬೇರೆಯೇ. ಶಬ್ದ, ಮದ್ದಿನ ವಾಸನೆ, ಕೆಂಪುಕಲ್ಲಿನ ಗೋಡೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಗುಂಡು ಹೊಕ್ಕುವ ಸದ್ದು, ಇದರ ಮುಂದೆ ಏರ್ ಪಿಸ್ತೂಲು ಸಪ್ಪೆ. ಐದು ಗುಂಡಿನ ಸರಣಿ. 25 ಮೀಟರ್ ರ‍್ಯಾಪಿಡ್‌ನಲ್ಲಿ ಗುರಿ ಮೂರು ಸೆಕೆಂಡ್ ಮಾತ್ರ ಸಿಗುತ್ತದೆ, ಏಳು ಸೆಕೆಂಡ್ ಬಿಡುವು, ಮತ್ತೆ ಮೂರು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ಬೇರೊಂದು ಸ್ಪರ್ಧೆ, ರ‍್ಯಾಪಿಡ್ ಫೈರ್ ಇನ್ನೂ ಕಠಿಣ: ಎಂಟು, ಆರು, ನಾಲ್ಕು ಸೆಕೆಂಡುಗಳಲ್ಲಿ ಐದು ಗುರಿಗೆ ಐದು ಗುಂಡು. ಅಲ್ಲಿ ನನ್ನ ಪಂಪು ಯಾವ ಮೂಲೆಗೂ ಸಾಲದು. ಮ್ಯಾಗಜಿನ್, ಅಂದರೆ ಗುಂಡುಗಳನ್ನು ಒಂದರ ಮೇಲೊಂದು ತುಂಬಿ ಪಿಸ್ತೂಲಿಗೆ ಸಿಕ್ಕಿಸುವ ಡಬ್ಬಿ, ಬೇಕೇ ಬೇಕು. ಮ್ಯಾಗಜಿನ್ ಇದ್ದಲ್ಲಿ ಜಾಮ್ ಇದ್ದೇ ಇದೆ.

.22ರ ಗುಂಡಿಗೆ ತಳದಲ್ಲಿ ಹೊರಚಾಚಿದ ಅಂಚು ಇದೆ. ತೊಂದರೆಯ ಬೇರು ಇರುವುದು ಅಲ್ಲೇ. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದಕ್ಕಿಂತ ಮುಂದಿರಬೇಕು. ಹಿಂದೆ ಕೂತರೆ ಸ್ಲೈಡ್ ಅದನ್ನು ಮುಂದಕ್ಕೆ ದೂಡುವಾಗ ಕೆಳಗಿನದಕ್ಕೆ ಕೊಂಡಿ ಬಿದ್ದು ಎರಡೂ ಅಲ್ಲೇ ಗಂಟು. ಮ್ಯಾಗಜಿನ್ನಿನ ಬದಿಯ ಬಟನ್ನನ್ನು ಪೂರ್ತಿ ಕೆಳಗೆಳೆದು ಗುಂಡುಗಳನ್ನು ಗಡಿಬಿಡಿಯಲ್ಲಿ ಉದುರಿಸಿದರೆ ಮೂತಿ ಕೆಳಗಾಗಿ ಕೂರುತ್ತವೆ. ಬಟನ್ನನ್ನು ಒಂದು ಗುಂಡಿನಷ್ಟೇ ಇಳಿಸಬೇಕು, ಒಂದು ಹಾಕಬೇಕು, ಮತ್ತೆ ಇಳಿಸಬೇಕು. ನಮ್ಮ ಕೋಚ್ ಹೇಳುವುದು: "ಪಿಸ್ತೂಲಿಗೆ ಬೈಯ್ಯುವ ಮೊದ್ಲು ಮ್ಯಾಗಜಿನ್ ನೋಡಿ. ಮ್ಯಾಗಜಿನ್‌ಗೆ ಬೈಯ್ಯುವ ಮೊದ್ಲು ನಿಮ್ಮ ಮಣಿಗಂಟು ನೋಡಿ." ಮಣಿಗಂಟು ಸಡಿಲ ಬಿಟ್ಟರೆ ಸ್ಲೈಡಿನ ಜೊತೆ ಪಿಸ್ತೂಲೇ ಹಿಂದಕ್ಕೆ ಹೋಗುತ್ತದೆ, ಸ್ಲೈಡ್ ಪೂರ್ತಿ ಓಡುವುದಿಲ್ಲ, ಹಾರಿದ ಗುಂಡಿನ ಖಾಲಿ ಕೋಶ ಹೊರಬೀಳುವ ಬಾಗಿಲಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ.

ಹೊಸಬರೊಬ್ಬರು ಸ್ಲೈಡನ್ನು ಕೈಯಲ್ಲೇ ಹಿಡಿದು, ಹಸುಗೂಸನ್ನು ಮಲಗಿಸುವಷ್ಟು ನಾಜೂಕಾಗಿ ಮುಂದಕ್ಕೆ ಬಿಡುತ್ತಿದ್ದರು. ಪ್ರತಿಸಲ ಮೊದಲ ಗುಂಡು ಅರ್ಧ ಹೊಕ್ಕು ನಿಲ್ಲುತ್ತಿತ್ತು. ಪಕ್ಕದ ಲೇನಿನ ಕಾಲೇಜು ಹುಡುಗಿ ತನ್ನ ಸರಣಿ ಮುಗಿಸಿ, ಪಿಸ್ತೂಲು ಕೆಳಗಿಟ್ಟು, "ಅಂಕಲ್, ಎಳ್ದು ಕೈ ಬಿಟ್ಬಿಡಿ, ಅದಕ್ಕೆ ಸ್ಪ್ರಿಂಗ್ ಉಂಟು" ಅಂದಳು. ಜಾಮ್ ಅಲ್ಲಿಗೆ ಮುಗಿಯಿತು.

ಗುಂಡಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಮ್ಯಾಚ್ ಪಿಸ್ತೂಲಿನ ಸ್ಪ್ರಿಂಗು ಸೆಕೆಂಡಿಗೆ ಸುಮಾರು 320-330 ಮೀಟರ್ ವೇಗದ ಸ್ಟ್ಯಾಂಡರ್ಡ್ ಗುಂಡಿಗೆ ಹೊಂದಿಸಿದ್ದು. ಜೋರಿನ ಗುಂಡು ಹಾಕಿದರೆ ಸ್ಲೈಡಿಗೆ ಪೆಟ್ಟು, ಮೆತ್ತಗಿನದು ಹಾಕಿದರೆ ಸ್ಲೈಡ್ ಅರ್ಧದಾರಿಯಲ್ಲೇ ವಾಪಸ್. ಸೀಸದ ಮೇಲೆ ಮೇಣದ ಲೇಪ ಇರುತ್ತದೆ. ಪೆಟ್ಟಿಗೆ ಬಿಸಿಲಲ್ಲಿದ್ದರೆ ಮೇಣ ಮೆತ್ತಗಾಗಿ ಧೂಳು ಹಿಡಿಯುತ್ತದೆ, ಆ ಅಂಟು ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಕೊಠಡಿಯಲ್ಲಿ ಮಸಿಯ ಜೊತೆ ಸೇರಿ ಉಂಗುರ ಕಟ್ಟುತ್ತದೆ. ನಳಿಗೆ ಬಿಚ್ಚಿದಾಗ ಕೋಚ್ ಒಂದು ಗುಂಡನ್ನು ಕೊಠಡಿಗೆ ಹಾಕಿ ತೋರಿಸಿದರು. ಶುಚಿಯಾದ ಕೊಠಡಿಗೆ ಅದು ತನ್ನ ತೂಕಕ್ಕೇ ಜಾರಿ ಇಳಿಯುತ್ತದೆ, ಬೋರಲು ಹಾಕಿದರೆ ಉದುರುತ್ತದೆ. ಉಂಗುರ ಕಟ್ಟಿದ್ದರೆ ಕೂದಲಷ್ಟು ಮೇಲೆ ನಿಂತು ಬಿಡುತ್ತದೆ. ಬ್ರಷ್ ಆಡಿಸಿದ ಮೇಲೆ ಅದೇ ಗುಂಡು ಕಟ್ ಎಂದು ಇಳಿಯುವುದನ್ನು ನೋಡಿದರೆ ಅರ್ಧ ಜಾಮ್‌ಗಳ ಗುಟ್ಟು ಗೊತ್ತಾದಂತೆ.

ಜಾಮ್ ಆದಾಗ ರೇಂಜಿನಲ್ಲಿ ಮಾಡಬೇಕಾದ್ದು ಇಷ್ಟೆ: ಮೂತಿ ಗುರಿಯ ಕಡೆಗೆ, ಬೆರಳು ಟ್ರಿಗರಿನಿಂದ ಹೊರಗೆ, ಇನ್ನೊಂದು ಕೈ ಮೇಲೆ, ರೇಂಜ್ ಆಫೀಸರ್ ಬರುವ ತನಕ ಅಲ್ಲಾಡಬಾರದು. ಸ್ಪರ್ಧೆಯಲ್ಲಿ ನೀವೇ ಕೈ ಹಾಕಿ ತೆರೆದಿರೋ, ಆ ಜಾಮ್ ನಿಮ್ಮ ಖಾತೆಗೆ. ಕ್ಲಿಕ್ ಎಂದು ಹಾರದೆ ಉಳಿದರೆ ಮೂತಿ ಹಾಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಮದ್ದು ತಡವಾಗಿ ಹತ್ತುವುದೂ ಉಂಟು.

ಇಷ್ಟಾದರೂ .22 ನನ್ನ ಎರಡನೇ ಆಯ್ಕೆ, ಡ್ರಮ್ಮಿನದ್ದಲ್ಲ. ಯಾಕೆಂದರೆ ಇಲ್ಲಿನ ಜಾಮ್‌ಗೆ ಕಾರಣ ಇದೆ, ಮದ್ದೂ ಇದೆ, ಹೇಳಿಕೊಡಲು ಪಕ್ಕದಲ್ಲಿ ಜನ ಇದ್ದಾರೆ. ಒಂದು ಲಾಭವೂ ಇದೆ. ಮ್ಯಾಗಜಿನ್ನಿನಲ್ಲಿ ನಿಮಗೆ ಗೊತ್ತಿಲ್ಲದ ಹಾಗೆ ಕೋಚ್ ಮದ್ದಿಲ್ಲದ ಒಂದು ಡಮ್ಮಿ ಗುಂಡು ಸೇರಿಸುತ್ತಾರೆ. ಅದು ಬಂದಾಗ ಸದ್ದಿಲ್ಲ, ಆದರೆ ಪಿಸ್ತೂಲಿನ ಮೂತಿ ಧಡಕ್ಕನೆ ಕೆಳಗೆ ಬಾಗುತ್ತದೆ. ಶಬ್ದಕ್ಕೆ ಹೆದರಿ ಕೈ ಮೊದಲೇ ಬಾಗುತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಖಾಲಿ ಕೊಠಡಿಯಲ್ಲಿ ಮಾತ್ರ .22ರ ಟ್ರಿಗರ್ ಎಳೆಯುತ್ತಾ ಕೂರಬೇಡಿ. ಬಹಳಷ್ಟು ಮಾದರಿಗಳಲ್ಲಿ ಗುಂಡಿಗೆ ಬಡಿಯುವ ಪಿನ್ನು ಕೊಠಡಿಯ ಅಂಚಿಗೇ ಹೊಡೆದು ಗುಳಿ ಬೀಳಿಸುತ್ತದೆ.

ಖರ್ಚು: ಕ್ಲಬ್ಬಿನಲ್ಲಿ ಗುಂಡಿನ ಲೆಕ್ಕ ಒಂದೊಂದಕ್ಕೂ ಕೊಡಬೇಕು, ಪೆಲೆಟ್ಟಿಗೆ ಹೋಲಿಸಿದರೆ ಎಷ್ಟೋ ಪಟ್ಟು. ಗ್ಯಾಸಿನದಕ್ಕೆ ಪೆಲೆಟ್ಟಿನ ಮೇಲೆ ಕ್ಯಾಪ್ಸೂಲಿನ ದುಡ್ಡು. ಪಂಪಿಗೆ ಪೆಲೆಟ್ ಮಾತ್ರ, ಗಾಳಿ ಪುಕ್ಕಟೆ.

ತುಕ್ಕು: ಮೂರಕ್ಕೂ ಸಮಪಾಲು. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ, ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ಸ್ಪಂಜಿನ ಪೆಟ್ಟಿಗೆಯೊಳಗೆ ಪಿಸ್ತೂಲು ಮುಚ್ಚಿಟ್ಟರೆ ಆಟಿ ತಿಂಗಳಲ್ಲಿ ತೆರೆದಾಗ ಕೆಂಪು ಚುಕ್ಕೆ ಎದ್ದಿರುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಪೆಲೆಟ್ಟಿಗೂ ಬಿಳಿ ಹುಡಿ ಹಿಡಿಯುತ್ತದೆ, ಅದು ಸೀಸ. ಕೈ ತೊಳೆಯದೆ ಗೋಳಿಬಜೆ ಮುಟ್ಟಬೇಡಿ.

ಶಬ್ದ: ಪಂಪಿನದು ಜಗಲಿಗೆ ಸರಿ, ಗ್ಯಾಸಿನದಕ್ಕೆ ನಾಯಿ ಬೊಗಳುತ್ತದೆ, .22ಕ್ಕೆ ಕಿವಿಮುಚ್ಚಿಗೆ ಕಡ್ಡಾಯ. ಕನ್ನಡಕ ಮೂರಕ್ಕೂ.

ಜಗಲಿಯಲ್ಲಿ ಗುಂಡು ತಡೆಯಲು ನನ್ನ ವ್ಯವಸ್ಥೆ ಒಂದು ದಪ್ಪ ರಟ್ಟಿನ ಪೆಟ್ಟಿಗೆ, ಒಳಗೆ ಹಳೆಯ ಲುಂಗಿ, ಸೀರೆ ಗಿಡಿದು ತುಂಬಿದ್ದು, ಹಿಂದೆ ದಪ್ಪ ಪ್ಲೈವುಡ್. ಅದರಾಚೆ ಕಲ್ಲಿನ ಗೋಡೆ. ಆ ಬದಿಯ ಬಾಗಿಲಿಗೆ ಚಿಲಕ ಹಾಕದೆ ಪಂಪ್ ಮಾಡುವುದಿಲ್ಲ.

ಇಷ್ಟರ ಮೇಲೂ ಯಾವುದು ಕೊಳ್ಳಲಿ ಎಂದರೆ, ದಿನಾ ಸ್ವಲ್ಪ ಹೊತ್ತು ಮನೆಯಲ್ಲಿ, ವಾರಕ್ಕೊಮ್ಮೆ ರೇಂಜಿನಲ್ಲಿ ಎನ್ನುವವರು ಪಂಪಿನದು ತೆಗೆದುಕೊಳ್ಳಿ. ವೇಗದ ಶೂಟಿಂಗೇ ಬೇಕು ಎನ್ನುವವರು ಯಾವುದನ್ನೂ ಕೊಳ್ಳದೆ ಕ್ಲಬ್ಬಿಗೆ ಸೇರಿ .22 ಕಲಿಯಿರಿ. ಮಗ ಅಥವಾ ಮಗಳು ಗಂಭೀರವಾಗಿ ಸ್ಪರ್ಧೆಗೆ ಇಳಿಯುವುದಿದ್ದರೆ ದುಡ್ಡು ಕೂಡಿಟ್ಟು ನೇರ ಮ್ಯಾಚ್ ಪಿಸ್ತೂಲಿಗೇ ಹೋಗಿ, ನಡುವೆ ಎಲ್ಲೂ ನಿಲ್ಲಬೇಡಿ. ಗ್ಯಾಸಿನ ಡ್ರಮ್ ಪಿಸ್ತೂಲು ಯಾರಿಗೆ? ಡಬ್ಬಿ ಉರುಳಿಸಿ ಖುಷಿಪಡುವವರಿಗೆ, ಅದೂ ಬಿಡುವಿನ ದಿನ, ಪೂರ್ತಿ ಕ್ಯಾಪ್ಸೂಲ್ ಮುಗಿಸುವಷ್ಟು ಹೊತ್ತಿದ್ದರೆ.

ಪಂಪಿನದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಳ್ಳುವುದಾದರೆ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಮಾರುವವರ ಎದುರೇ ಸುರಕ್ಷಿತ ಗುರಿಯ ಕಡೆ ಮೂತಿ ಇಟ್ಟು ಪಂಪ್ ಮಾಡಿ, ಪೆಲೆಟ್ ಹಾಕಿ ಕೂಡಲೇ ಹೊಡೆಯಿರಿ. ಮತ್ತೆ ಪಂಪ್ ಮಾಡಿ, ಈ ಸಲ ಟ್ರಿಗರ್ ಮುಟ್ಟದೆ, ಮೂತಿ ಅಲ್ಲಾಡಿಸದೆ ಐದು ನಿಮಿಷ ಬಿಟ್ಟು ಹೊಡೆಯಿರಿ. ಎರಡರ ಸದ್ದೂ ಪೆಟ್ಟೂ ಒಂದೇ ಥರ ಇದ್ದರೆ ಸೀಲ್ ಗಟ್ಟಿ. ಎರಡನೆಯದು ಮೆತ್ತಗಾದರೆ ಸೀಲ್ ಬದಲಿಸುವ ಖರ್ಚನ್ನು ರೇಟಿನಲ್ಲಿ ಕಳೆಯಲು ಹೇಳಿ. ಒಪ್ಪದಿದ್ದರೆ ಬಿಟ್ಟು ಬನ್ನಿ.